2018ರ ಲ್ಯಾಪ್‌ಟಾಪಿಗೆ ಎಸ್‌ಎಸ್‌ಡಿ, ರ‍್ಯಾಮ್, ಬ್ಯಾಟರಿ, ಕೂಲಿಂಗ್ ಪ್ಯಾಡ್: ಎಂಟು ಸಾವಿರದೊಳಗೆ ಮೊದಲು ಯಾವುದನ್ನು ಕೊಳ್ಳಬೇಕು?

ದಾಲ್ ಮಿಲ್ ಲೆಕ್ಕಿಗ, ಕಲಬುರಗಿ

ಎಲ್ಲರಿಗೂ ಶರಣು. ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶದ ಒಂದು ದಾಲ್ ಮಿಲ್ಲಿನಲ್ಲಿ ನಾನು ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. 2018ರಲ್ಲಿ ಸ್ವಂತ ದುಡ್ಡಿನಿಂದ ಕೊಂಡ 15.6 ಇಂಚಿನ ಲ್ಯಾಪ್‌ಟಾಪ್ ಒಂದೇ ನನಗೆ ಆಧಾರ. ಹಗಲು ಮಿಲ್ಲಿನಲ್ಲಿ ಟ್ಯಾಲಿ (ಲೆಕ್ಕಪತ್ರದ ತಂತ್ರಾಂಶ), ಇ-ವೇ ಬಿಲ್, ತಿಂಗಳ ಜಿಎಸ್‌ಟಿ ರಿಟರ್ನ್, ಎಪಿಎಂಸಿಗೆ ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಬರೆಯುವ ಪತ್ರ ಎಲ್ಲವೂ ಇದರಲ್ಲೇ ಆಗಬೇಕು. ಸಂಜೆ ಮನೆಗೆ ಒಯ್ದರೆ ಬಿ.ಎಸ್ಸಿ. ಎರಡನೆಯ ವರ್ಷದಲ್ಲಿ ಓದುತ್ತಿರುವ ಮಗಳು ತನ್ನ ಪ್ರಾಜೆಕ್ಟ್ ಕೆಲಸಕ್ಕೆ ಕಾದು ಕುಳಿತಿರುತ್ತಾಳೆ.

ಯಂತ್ರದ ವಿವರ ಹೀಗಿದೆ: ಇಂಟೆಲ್ ಕೋರ್ ಐ5-8250ಯು ಪ್ರೊಸೆಸರ್, 4 ಜಿಬಿ ಡಿಡಿಆರ್4 ಬಗೆಯ ಮೆಮೊರಿ ಅಂದರೆ ರ‍್ಯಾಮ್, ನಿಮಿಷಕ್ಕೆ 5400 ಸುತ್ತು ತಿರುಗುವ 1 ಟಿಬಿ ಹಾರ್ಡ್ ಡಿಸ್ಕ್, ಡಿವಿಡಿ ಡ್ರೈವ್ ಮತ್ತು ವಿಂಡೋಸ್ 10.

ಎರಡು ವರ್ಷಗಳಿಂದ ನಿಧಾನವಾಗಿಯೇ ಇತ್ತು, ಸಹಿಸಿಕೊಂಡಿದ್ದೆ. ಆದರೆ ಯುಗಾದಿಯಿಂದ ಈಚೆಗೆ ಕೆಲಸ ಮಾಡಲು ಸಾಧ್ಯವೇ ಇಲ್ಲವೆನ್ನುವ ಸ್ಥಿತಿ ಬಂದಿದೆ. ಟ್ಯಾಲಿ ತೆರೆದು ಒಂದು ವೋಚರ್ ಹಾಕಿದರೆ ಅಕ್ಷರ ಪರದೆಯ ಮೇಲೆ ಮೂಡುವ ಹೊತ್ತಿಗೆ ನಾನು ಮುಂದಿನ ಸಾಲನ್ನು ಟೈಪ್ ಮಾಡಿ ಮುಗಿಸಿರುತ್ತೇನೆ. ಬ್ಯಾಟರಿಯೂ ಸತ್ತಿದೆ. ಎಷ್ಟು ಹೊತ್ತು ಚಾರ್ಜಿಗೆ ಹಾಕಿದರೂ ಏರುವುದಿಲ್ಲ, ಕರೆಂಟು ಹೋದ ಕ್ಷಣವೇ ಯಂತ್ರ ಆರಿಹೋಗುತ್ತದೆ. ಹಳೆಯ ಚಾರ್ಜರ್ ಯುಗಾದಿಯ ಹೊತ್ತಿಗೆ ಸುಟ್ಟುಹೋದದ್ದರಿಂದ ಹೊಸದನ್ನು ತಂದಿದ್ದೇನೆ, ಅದು ಚೆನ್ನಾಗಿಯೇ ನಡೆಯುತ್ತಿದೆ. ಯಂತ್ರ ಶುರುವಾಗುವಾಗ ಮಾತ್ರ ಇಂಗ್ಲಿಷಿನಲ್ಲಿ ಏನೋ ಒಂದು ಸೂಚನೆ ಬರುತ್ತದೆ, ಒಂದು ಕೀಲಿ ಒತ್ತಿದರೆ ಮುಂದಕ್ಕೆ ಹೋಗುತ್ತದೆ.

ಅಂಗಡಿಯೊಂದರಲ್ಲಿ ತೋರಿಸಿದಾಗ, ಬ್ಯಾಟರಿ, ರ‍್ಯಾಮ್, ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿನ ಬದಲು ಹಾಕುವ, ತಿರುಗುವ ಭಾಗವಿಲ್ಲದ ಡಿಸ್ಕ್) ಮೂರನ್ನೂ ಬದಲಿಸಬೇಕೆಂದೂ, ವಿಂಡೋಸ್ 10ಕ್ಕೆ ಬೆಂಬಲ ನಿಂತಿರುವುದರಿಂದ ಹೊಸ ಲ್ಯಾಪ್‌ಟಾಪ್ ಕೊಳ್ಳುವುದೇ ಲೇಸೆಂದೂ ಹೇಳಿದರು. ಹೊಸದಕ್ಕೆ ಈಗ ಅನುಕೂಲವಿಲ್ಲ. ನನ್ನ ಕೈಯಲ್ಲಿರುವುದು ಎಂಟು ಸಾವಿರ ರೂಪಾಯಿ. ಅದರೊಳಗೆ ಮೊದಲು ಯಾವುದನ್ನು ಮಾಡಿಸಲಿ? ಮಿಲ್ಲಿನ ಧೂಳು ಮತ್ತು ನಮ್ಮೂರಿನ ಬಿಸಿಲಿಗೆ ಕೂಲಿಂಗ್ ಪ್ಯಾಡ್, ಕೀಬೋರ್ಡ್ ಮೇಲೆ ಹಾಸುವ ಸಿಲಿಕಾನ್ ಹೊದಿಕೆ ತೆಗೆದುಕೊಳ್ಳುವುದು ಒಳ್ಳೆಯದೇ? ದಯವಿಟ್ಟು ತಿಳಿದವರು ತಿಳಿಸಿ.

ಶಹಾಪುರದ ವಿದ್ಯಾರ್ಥಿ

ಕಾಕಾ, ನಮಸ್ಕಾರ. ನಾನು ಎಂಜಿನಿಯರಿಂಗ್ ಓದುತ್ತಿದ್ದೇನೆ. ನಮ್ಮ ಹಾಸ್ಟೆಲಿನಲ್ಲಿ ನಾಲ್ಕೈದು ಜನರ ಹಳೆಯ ಲ್ಯಾಪ್‌ಟಾಪ್‌ಗಳಿಗೆ ಎಸ್‌ಎಸ್‌ಡಿ ಹಾಕಿಕೊಟ್ಟಿದ್ದೇನೆ. ಬೇರೆ ಯಾವ ಯೋಚನೆಯನ್ನೂ ಮಾಡದೆ ಅದನ್ನೇ ಮೊದಲು ಹಾಕಿಸಿ. 5400 ಸುತ್ತಿನ ಡಿಸ್ಕಿನಲ್ಲಿ ತಟ್ಟೆ ಒಂದು ಸುತ್ತು ತಿರುಗಲು 11 ಮಿಲಿಸೆಕೆಂಡ್ ಬೇಕು. ವಿಂಡೋಸ್ ಶುರುವಾಗುವಾಗ ಸಾವಿರಾರು ಸಣ್ಣ ಫೈಲುಗಳನ್ನು ಓದುತ್ತದೆ, ಪ್ರತಿ ಸಲವೂ ಡಿಸ್ಕಿನ ತಲೆ ಸರಿಯಾದ ಜಾಗಕ್ಕೆ ಹೋಗಿ ತಟ್ಟೆ ತಿರುಗಿ ಬರುವವರೆಗೆ ಕಾಯಬೇಕು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲದ ಕಾರಣ ಈ ಕಾಯುವಿಕೆ ಇಲ್ಲವೇ ಇಲ್ಲವೆನ್ನಬಹುದು. ನಮ್ಮ ಗೆಳೆಯರ ಯಂತ್ರಗಳು ಮೂರು ನಿಮಿಷಕ್ಕೆ ತೆರೆಯುತ್ತಿದ್ದವು, ಈಗ ಇಪ್ಪತ್ತು ಸೆಕೆಂಡಿಗೆ ತೆರೆಯುತ್ತವೆ.

ಎಸ್‌ಎಸ್‌ಡಿಯಲ್ಲಿ ಸಾಟಾ, ಎನ್‌ವಿಎಂಇ ಎಂಬ ಬಗೆಗಳಿವೆ. ನನ್ನ ಸಲಹೆ ಎನ್‌ವಿಎಂಇ ಎಸ್‌ಎಸ್‌ಡಿ. ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 550 ಎಂಬಿ ಓದಿದರೆ ಇದು 3000 ಎಂಬಿಗೂ ಮೇಲೆ ಓದುತ್ತದೆ. ಜೊತೆಗೆ 8 ಜಿಬಿ ರ‍್ಯಾಮ್ ಮತ್ತು ಎರಡು ಫ್ಯಾನಿನ ಕೂಲಿಂಗ್ ಪ್ಯಾಡ್ ತೆಗೆದುಕೊಂಡರೆ ಇನ್ನೂ ನಾಲ್ಕು ವರ್ಷ ಚಿಂತೆಯಿಲ್ಲ.

ಬೀದರದ ಉಪನ್ಯಾಸಕಿ

ಅಣ್ಣನವರೆ, ಶರಣು. ಮೊದಲು ನಿಮ್ಮ ಒಂದು ಆತಂಕವನ್ನು ಕಳೆಯುತ್ತೇನೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದದ್ದು ನಿಜ. ಆದರೆ ವಿಂಡೋಸ್ 11 ಇಂಟೆಲ್‌ನ ಎಂಟನೆಯ ತಲೆಮಾರು ಮತ್ತು ಅದರ ನಂತರದ ಪ್ರೊಸೆಸರ್‌ಗಳನ್ನು ಒಪ್ಪಿಕೊಳ್ಳುತ್ತದೆ, ನಿಮ್ಮ 8250ಯು ಎಂಟನೆಯ ತಲೆಮಾರಿನದೇ. ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯವೂ ಬೇಕು. ಅದು ನಿಮ್ಮ ಯಂತ್ರದಲ್ಲಿ ಇರುವ ಸಂಭವವೇ ಹೆಚ್ಚು, ಬಹುಶಃ ಬಯಾಸ್‌ನಲ್ಲಿ (ಯಂತ್ರದ ಮೂಲ ಸೆಟ್ಟಿಂಗ್‌ಗಳಲ್ಲಿ) ಆಫ್ ಮಾಡಿಟ್ಟಿರಬಹುದು ಅಷ್ಟೆ. ಆದ್ದರಿಂದ ಬೆಂಬಲ ನಿಂತಿತೆಂಬ ಒಂದೇ ಕಾರಣಕ್ಕೆ ಈ ಯಂತ್ರವನ್ನು ಗುಜರಿಗೆ ಹಾಕಬೇಕಾಗಿಲ್ಲ.

ಎರಡನೆಯದಾಗಿ, ಶಹಾಪುರದ ತಮ್ಮ ಹೇಳಿದ್ದನ್ನು ನಾನು ಪೂರ್ತಿ ಅಲ್ಲಗಳೆಯುವುದಿಲ್ಲ, ಎಸ್‌ಎಸ್‌ಡಿ ನಿಮಗೆ ಬೇಕೇ ಬೇಕು. ಆದರೆ ಆ ವರ್ಷಗಳ ಎಷ್ಟೋ ಯಂತ್ರಗಳಲ್ಲಿ ಎಂ.2 ಕಿಂಡಿ (ಚಪ್ಪಟೆ ಪಟ್ಟಿಯಂಥ ಎಸ್‌ಎಸ್‌ಡಿ ಕೂರುವ ಜಾಗ) ಇದ್ದರೂ ಅದು ಸಾಟಾ ಬಗೆಯನ್ನು ಮಾತ್ರ ಒಪ್ಪುತ್ತದೆ, ಕೆಲವುಗಳಲ್ಲಿ ಕಿಂಡಿಯೇ ಇರುವುದಿಲ್ಲ. ಹಿಂಬದಿ ಬಿಚ್ಚಿ ನೋಡದೆ ಎನ್‌ವಿಎಂಇ ಕೊಂಡರೆ ಹಣ ಸುಮ್ಮನೆ ಹೋಗುತ್ತದೆ. ನಿಮ್ಮ ಹಾರ್ಡ್ ಡಿಸ್ಕ್ ಕುಳಿತಿರುವ ಜಾಗಕ್ಕೆ 2.5 ಇಂಚಿನ, 7 ಮಿಲಿಮೀಟರ್ ದಪ್ಪದ ಸಾಟಾ ಎಸ್‌ಎಸ್‌ಡಿ ಖಚಿತವಾಗಿ ಕೂರುತ್ತದೆ. ಟ್ಯಾಲಿ ಮತ್ತು ಬ್ರೌಸರ್ ಕೆಲಸದಲ್ಲಿ 550 ಎಂಬಿಗೂ 3000 ಎಂಬಿಗೂ ಇರುವ ವ್ಯತ್ಯಾಸ ನಿಮ್ಮ ಕಣ್ಣಿಗೆ ಕಾಣುವುದೇ ಇಲ್ಲ. ಸಣ್ಣ ಫೈಲುಗಳನ್ನು ಹುಡುಕುವ ಹೊತ್ತು ಉಳಿಯುವುದೇ ಇಲ್ಲಿ ಮುಖ್ಯ, ಅದು ಎರಡರಲ್ಲೂ ಉಳಿಯುತ್ತದೆ.

ಆದರೆ ಏನನ್ನಾದರೂ ಕೊಳ್ಳುವ ಮೊದಲು ಯಂತ್ರವನ್ನೇ ಕೇಳಿ ನೋಡಿ ಎಂದು ನನ್ನ ವಿನಂತಿ. ನೀವು ಬರೆದಿರುವುದರಲ್ಲಿ ನನಗೆ ಒಗಟಾಗಿ ಕಾಣುವುದು ಇಷ್ಟು: ಎರಡು ವರ್ಷ ನಿಧಾನವಾಗಿದ್ದ ಯಂತ್ರ ಯುಗಾದಿಯ ನಂತರ ಒಮ್ಮೆಲೇ ಏಕೆ ಕುಸಿಯಿತು? ಡಿಸ್ಕ್ ಆಗಲಿ ರ‍್ಯಾಮ್ ಆಗಲಿ ಹಬ್ಬ ನೋಡಿಕೊಂಡು ನಿಧಾನವಾಗುವುದಿಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್ ಭಾಗದಲ್ಲಿ ನಾಲ್ಕು ಸಂಗತಿಗಳನ್ನು ಬರೆದುಕೊಳ್ಳಿ. ಟ್ಯಾಲಿ ನಡೆಯುತ್ತಿರುವಾಗ ಮೆಮೊರಿ ಎಷ್ಟು ಪ್ರತಿಶತ ತುಂಬಿದೆ, ಡಿಸ್ಕ್ ಎಷ್ಟು ಪ್ರತಿಶತ ದುಡಿಯುತ್ತಿದೆ, ಮೆಮೊರಿಯ ಕಿಂಡಿಗಳು ಎಷ್ಟು ಇದ್ದು ಎಷ್ಟು ತುಂಬಿವೆ, ಮತ್ತು ಸಿಪಿಯು ವೇಗ ಎಷ್ಟು ಗಿಗಾಹರ್ಟ್ಸ್ ತೋರಿಸುತ್ತದೆ. ಇದನ್ನು ಬೆಳಗಿನ ತಂಪಿನಲ್ಲಿ ಒಮ್ಮೆ, ಮಧ್ಯಾಹ್ನದ ಬಿಸಿಲಲ್ಲಿ ಒಮ್ಮೆ ನೋಡಿ. ಜೊತೆಗೆ, ಯಂತ್ರ ಶುರುವಾಗುವಾಗ ಬರುವ ಆ ಇಂಗ್ಲಿಷ್ ಸೂಚನೆಯ ಫೋಟೋ ತೆಗೆದು, ಅದರಲ್ಲಿ ಏನಿದೆಯೆಂದು ಇಲ್ಲಿ ತಿಳಿಸಿ.

ದಾಲ್ ಮಿಲ್ ಲೆಕ್ಕಿಗ, ಕಲಬುರಗಿ

ಅಕ್ಕಾವರೆ, ನೀವು ಹೇಳಿದಂತೆ ನೋಡಿದೆ. ಟ್ಯಾಲಿ ಮತ್ತು ಬ್ರೌಸರ್ ಎರಡೂ ತೆರೆದಿದ್ದಾಗ ಮೆಮೊರಿ 91 ಪ್ರತಿಶತ, ಡಿಸ್ಕ್ 100 ಪ್ರತಿಶತ. ಎರಡು ಕಿಂಡಿಗಳಲ್ಲಿ ಒಂದು ಮಾತ್ರ ತುಂಬಿದೆ. ಸಿಪಿಯು ವೇಗ 0.78 ಗಿಗಾಹರ್ಟ್ಸ್ ತೋರಿಸುತ್ತದೆ, ಬೆಳಿಗ್ಗೆ ಏಳಕ್ಕೆ ನೋಡಿದರೂ ಅಷ್ಟೇ, ಮಧ್ಯಾಹ್ನ ಎರಡಕ್ಕೆ ನೋಡಿದರೂ ಅಷ್ಟೇ, ಅದರ ಮೇಲೆ ಒಂದು ಬಿಂದುವೂ ಏರುವುದಿಲ್ಲ. ಸೂಚನೆಯನ್ನು ಮಗಳು ಓದಿ ಹೇಳಿದಳು: ಚಾರ್ಜರಿನ ಬಗೆ ಮತ್ತು ಅದರ ವ್ಯಾಟ್ ಗುರುತಿಸಲು ಆಗುತ್ತಿಲ್ಲ, ಬ್ಯಾಟರಿ ಚಾರ್ಜ್ ಆಗದಿರಬಹುದು ಎಂಬ ಅರ್ಥದ ಮಾತು ಅದರಲ್ಲಿದೆ. ಚಾರ್ಜರಿನ ಮೇಲೆ 19.5 ವೋಲ್ಟ್, 3.34 ಆಂಪಿಯರ್ ಎಂದೇ ಬರೆದಿದೆ, ಹಳೆಯದರ ಮೇಲೆಯೂ ಅದೇ ಇತ್ತು. ಆದ್ದರಿಂದ ನಾನು ಈ ಸೂಚನೆಯನ್ನು ಗಮನಿಸಿರಲಿಲ್ಲ.

ಸೂಪರ್ ಮಾರ್ಕೆಟ್ ರಿಪೇರಿಯವ

ಅಣ್ಣಾವರೆ, ಶರಣು ಶರಣಾರ್ಥಿ. ಕಲಬುರಗಿಯ ಸೂಪರ್ ಮಾರ್ಕೆಟ್ ಭಾಗದಲ್ಲಿ ಹದಿನಾರು ವರ್ಷದಿಂದ ಲ್ಯಾಪ್‌ಟಾಪ್ ರಿಪೇರಿ ಮಾಡುತ್ತ ಬಂದಿದ್ದೇನೆ. ನೀವು ಬರೆದ 0.78 ಎಂಬ ಅಂಕಿ ಮತ್ತು ಆ ಸೂಚನೆ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ರೋಗ ಎಲ್ಲಿದೆಯೆಂದು ಸ್ಪಷ್ಟವಾಗುತ್ತದೆ. ನಿಮ್ಮ ಪ್ರೊಸೆಸರಿನ ಮೂಲ ವೇಗ 1.6, ಕೆಲಸ ಬಿದ್ದಾಗ 3.4ರವರೆಗೆ ಏರಬಲ್ಲದು. ಬಿಸಿಯಿಂದ ವೇಗ ತಗ್ಗಿದ್ದರೆ ಬೆಳಗಿನ ತಂಪಿನಲ್ಲಿ, ಯಂತ್ರ ಹಚ್ಚಿದ ಮೊದಲ ನಿಮಿಷದಲ್ಲಾದರೂ ಅದು ಏರಬೇಕಿತ್ತು. ದಿನವಿಡೀ ಒಂದೇ ಅಂಕಿಗೆ ಕಟ್ಟಿಹಾಕಿದಂತೆ ನಿಂತಿದೆಯೆಂದರೆ ಯಂತ್ರವೇ ಬೇಕೆಂದು ಅದನ್ನು ಹಿಡಿದಿಟ್ಟಿದೆ ಎಂದರ್ಥ.

ಹಿಡಿದಿಡುವುದಕ್ಕೆ ಕಾರಣ ಚಾರ್ಜರ್. ನಿಮ್ಮ ಚಾರ್ಜರಿನ ಪಿನ್ನನ್ನು ಬೆಳಕಿಗೆ ಹಿಡಿದು ನೋಡಿ, ಒಳಗೆ ನಟ್ಟನಡುವೆ ಸೂಜಿಯಂಥ ಒಂದು ಸಣ್ಣ ಕಡ್ಡಿ ಇರುತ್ತದೆ. ಹೊರಗಿನ ಎರಡು ಪದರಗಳು ವಿದ್ಯುತ್ತನ್ನು ಒಯ್ಯುತ್ತವೆ, ನಡುವಿನ ಕಡ್ಡಿ ವಿದ್ಯುತ್ತಿಗಾಗಿ ಅಲ್ಲ, ಅದು ಚಾರ್ಜರಿನ ಗುರುತು ಹೇಳುವ ತಂತಿ. ಕೆಲವು ಕಂಪನಿಗಳ ಚಾರ್ಜರಿನೊಳಗೆ ಒಂದು ಸಣ್ಣ ಚಿಪ್ ಇದ್ದು, ತಾನು ಎಷ್ಟು ವ್ಯಾಟಿನದೆಂದು ಆ ತಂತಿಯ ಮೂಲಕ ಯಂತ್ರಕ್ಕೆ ತಿಳಿಸುತ್ತದೆ. ನಕಲಿ ಚಾರ್ಜರಿನಲ್ಲಿ ಆ ಚಿಪ್ ಇರುವುದಿಲ್ಲ ಅಥವಾ ಕೆಟ್ಟದ್ದಿರುತ್ತದೆ. ಗುರುತು ಸಿಗದಿದ್ದಾಗ, ಈ ಚಾರ್ಜರ್ ಎಷ್ಟು ಭಾರ ಹೊರಬಲ್ಲದೋ ಗೊತ್ತಿಲ್ಲ ಎಂದು ಯಂತ್ರ ಎಚ್ಚರ ವಹಿಸಿ, ಬ್ಯಾಟರಿಗೆ ಚಾರ್ಜ್ ಕೊಡುವುದನ್ನು ನಿಲ್ಲಿಸುತ್ತದೆ, ಪ್ರೊಸೆಸರನ್ನು ಅತಿ ಕಡಿಮೆ ವೇಗಕ್ಕೆ ಇಳಿಸುತ್ತದೆ. ಮೇಲೆ 19.5 ಮತ್ತು 3.34 ಎಂದು ಅಚ್ಚಾಗಿದ್ದರೆ ಸಾಲದು. ಆದ್ದರಿಂದ ನಿಮ್ಮ ಬ್ಯಾಟರಿ ಸತ್ತಿಲ್ಲದಿರಬಹುದು, ಎರಡು ತಿಂಗಳಿಂದ ಅದಕ್ಕೆ ಚಾರ್ಜೇ ಸಿಕ್ಕಿಲ್ಲ.

ಯಾವುದಕ್ಕೂ ಒಂದು ರೂಪಾಯಿ ಖರ್ಚು ಮಾಡುವ ಮೊದಲು, ಅದೇ ಕಂಪನಿಯ, ಅದೇ ಅಳತೆಯ ಪಿನ್ನಿನ, 65 ವ್ಯಾಟಿನ ಅಸಲಿ ಚಾರ್ಜರ್ ಇರುವ ಪರಿಚಯದವರ ಬಳಿ ಹತ್ತು ನಿಮಿಷಕ್ಕೆ ಕೇಳಿ ಹಚ್ಚಿ ನೋಡಿ. ಸೂಚನೆ ಬಾರದೆ, ಸಿಪಿಯು ವೇಗ ಏರಿದರೆ ನನ್ನ ಮಾತು ಸರಿ. ಆಗಲೂ ಏರದಿದ್ದರೆ ಲ್ಯಾಪ್‌ಟಾಪಿನ ಒಳಗಿನ ಚಾರ್ಜಿಂಗ್ ಸಾಕೆಟ್ಟಿನಲ್ಲಿ ಆ ನಡುವಿನ ತಂತಿ ಕಡಿದಿರಬಹುದು. ಅದು ಬದಲಿಸಬಹುದಾದ ಸಣ್ಣ ಭಾಗ, ಮದರ್‌ಬೋರ್ಡಿನ ತನಕ ಹೋಗುವ ಕೆಲಸವಲ್ಲ. ಹೊಸ ಚಾರ್ಜರ್ ಕೊಳ್ಳುವಾಗ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತಿನ ಜೊತೆ ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ, ಬಿಐಎಸ್ ಕೇರ್ ಆ್ಯಪಿನಲ್ಲಿ ಆ ಸಂಖ್ಯೆಯನ್ನು ಹಾಕಿದರೆ ಅದು ಯಾವ ತಯಾರಕರದೆಂದು ತೋರಿಸುತ್ತದೆ. ನಮ್ಮ ದೇಶದಲ್ಲಿ ಲ್ಯಾಪ್‌ಟಾಪ್ ಚಾರ್ಜರುಗಳಿಗೆ ಈ ನೋಂದಣಿ ಕಡ್ಡಾಯ.

ಈಗ ಧೂಳಿನ ಮಾತಿಗೆ ಬರುತ್ತೇನೆ, ಇದನ್ನು ಸ್ವಲ್ಪ ವಿವರವಾಗಿಯೇ ಬರೆಯಬೇಕು, ಏಕೆಂದರೆ ದಾಲ್ ಮಿಲ್ಲುಗಳಿಂದ ಬರುವ ಯಂತ್ರಗಳನ್ನು ನಾನು ತಿಂಗಳಿಗೆ ಮೂರ್ನಾಲ್ಕಾದರೂ ಬಿಚ್ಚುತ್ತೇನೆ. ಸೇಡಂ, ವಾಡಿ ಕಡೆಯ ಸಿಮೆಂಟ್ ಧೂಳು ಪುಡಿಪುಡಿಯಾಗಿರುತ್ತದೆ, ಊದಿದರೆ ಹೋಗುತ್ತದೆ. ತೊಗರಿ ಹೊಟ್ಟಿನ ಧೂಳು ಹಾಗಲ್ಲ. ಬೇಳೆಗೆ ಹಚ್ಚುವ ಎಣ್ಣೆಯ ಅಂಶ ಅದರಲ್ಲಿ ಸೇರಿರುತ್ತದೆ. ಫ್ಯಾನು ಗಾಳಿ ತಳ್ಳುವ ಕಡೆ ತಾಮ್ರದ ಕೊಳವೆಗೆ ಹೊಂದಿಕೊಂಡು ಬಾಚಣಿಗೆಯ ಹಲ್ಲಿನಂತೆ ಒತ್ತೊತ್ತಾಗಿ ತೆಳುವಾದ ತಗಡುಗಳಿರುತ್ತವೆ, ಅವುಗಳ ಬಾಯಿಗೆ ಈ ಹೊಟ್ಟು ಒಂದರ ಮೇಲೊಂದು ಕೂತು ಕಂಬಳಿಯಂತೆ ಹೆಣೆದುಕೊಳ್ಳುತ್ತದೆ. ಚಿಮಟದಿಂದ ಒಂದು ತುದಿ ಹಿಡಿದೆಳೆದರೆ ಬೆರಳಗಲದ ಕಂದುಬಣ್ಣದ ಪಟ್ಟಿ ಹಾಗೆಯೇ ಕಿತ್ತು ಬರುತ್ತದೆ. ಫ್ಯಾನು ಎಷ್ಟು ತಿರುಗಿದರೂ ಗಾಳಿಗೆ ಹೊರದಾರಿ ಇರುವುದಿಲ್ಲ. ಬಹುತೇಕ ತಯಾರಕರು ಸುತ್ತಲಿನ ಗಾಳಿ 35 ಡಿಗ್ರಿ ಮೀರಬಾರದೆಂದು ಕೈಪಿಡಿಯಲ್ಲಿ ಬರೆಯುತ್ತಾರೆ, ನಮ್ಮೂರಿನಲ್ಲಿ ಮೇ ತಿಂಗಳಲ್ಲಿ 42 ಡಿಗ್ರಿ ಎನ್ನುವುದು ದಿನದ ಮಾತು. ಪ್ರೊಸೆಸರ್ 100 ಡಿಗ್ರಿ ಮುಟ್ಟಿದರೆ ತನ್ನನ್ನು ಕಾಯ್ದುಕೊಳ್ಳಲು ತಾನೇ ವೇಗ ಇಳಿಸುತ್ತದೆ. ಚಾರ್ಜರ್ ಸರಿಯಾದ ಮೇಲೂ ನಿಮಗೆ ಮಧ್ಯಾಹ್ನ ಈ ತೊಂದರೆ ಕಾಣಿಸಿಕೊಳ್ಳುತ್ತದೆ, ಅದಕ್ಕಾಗಿ ಎಸ್‌ಎಸ್‌ಡಿ ಹಾಕಲು ಹಿಂಬದಿ ಬಿಚ್ಚಿದಾಗಲೇ ಫ್ಯಾನನ್ನೂ ಸ್ವಚ್ಛ ಮಾಡಿಸಿ.

ಮಾಡುವವರು ಯಾರೇ ಇರಲಿ, ಮೊದಲು ಬ್ಯಾಟರಿಯ ಕನೆಕ್ಟರ್ ಬಿಡಿಸಬೇಕು. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಒಂದು ಕಡ್ಡಿಯಿಂದ ತಡೆದು ನಿಲ್ಲಿಸಬೇಕು, ಇಲ್ಲವಾದರೆ ಅದು ಮಿತಿ ಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಎಂಟು ವರ್ಷದ ಥರ್ಮಲ್ ಪೇಸ್ಟ್ (ಪ್ರೊಸೆಸರಿನ ಬಿಸಿಯನ್ನು ಹೀಟ್‌ಸಿಂಕ್ ಎಂಬ ಲೋಹದ ಭಾಗಕ್ಕೆ ದಾಟಿಸುವ ಲೇಪ) ಒಣಗಿ ಸುಣ್ಣದಂತೆ ಆಗಿರುತ್ತದೆ, ಅದನ್ನು ಪೂರ್ತಿ ಒರೆಸಿ, ಹೊಸದನ್ನು ಒಂದು ತೊಗರಿ ಕಾಳಿಗಿಂತ ಕಡಿಮೆ ಹಾಕಿದರೆ ಸಾಕು. ಹೀಟ್‌ಸಿಂಕಿನ ಸ್ಕ್ರೂಗಳ ಪಕ್ಕದಲ್ಲಿ 1, 2, 3, 4 ಎಂದು ಅಂಕಿ ಬರೆದಿರುತ್ತದೆ, ಅದೇ ಕ್ರಮದಲ್ಲಿ ಸ್ವಲ್ಪ ಸ್ವಲ್ಪವಾಗಿ ಬಿಗಿಯಬೇಕು.

ಕೂಲಿಂಗ್ ಪ್ಯಾಡನ್ನು ಮಿಲ್ಲಿನಲ್ಲಿ ಬಳಸಬೇಡಿ ಎಂದು ಕೈಮುಗಿದು ಹೇಳುತ್ತೇನೆ. ಅದು ಮೇಜಿನ ಮೇಲಿನ ಹೊಟ್ಟನ್ನೆಲ್ಲ ಎತ್ತಿ ಯಂತ್ರದ ಹೊಟ್ಟೆಯೊಳಗೆ ಊದುತ್ತದೆ. ಹಿಂಬದಿ ಎರಡು ಬೆರಳಿನಷ್ಟು ಎತ್ತರವಾಗುವ ಸಾದಾ ಸ್ಟ್ಯಾಂಡ್ ಸಾಕು. ಸಿಲಿಕಾನ್ ಹೊದಿಕೆ ನಿಮ್ಮ ಕೆಲಸಕ್ಕೆ ಒಳ್ಳೆಯದು, ಆದರೆ ಕೀಬೋರ್ಡಿನ ಸಂದಿನಿಂದ ಗಾಳಿ ಎಳೆದುಕೊಳ್ಳುವ ಮಾದರಿಗಳಿಗೆ ಅದು ಹೊಂದುವುದಿಲ್ಲ. ನಿಮ್ಮ ಯಂತ್ರದ ತಳದಲ್ಲಿ ಗಾಳಿಗಿಂಡಿ ಇದ್ದರೆ ಧೈರ್ಯವಾಗಿ ಹಾಕಿ, ಮುಚ್ಚಳ ಮಡಚುವಾಗ ತೆಗೆದುಬಿಡಿ, ಇಲ್ಲದಿದ್ದರೆ ಪರದೆಗೆ ಒತ್ತುತ್ತದೆ.

ಶಹಾಪುರದ ವಿದ್ಯಾರ್ಥಿ

ರಿಪೇರಿ ಅಣ್ಣಾವರೆ, ಚಾರ್ಜರಿನ ಗುರುತಿನ ತಂತಿಯ ವಿಷಯ ನನಗೆ ತಿಳಿದೇ ಇರಲಿಲ್ಲ, ತಿಳಿಸಿದ್ದಕ್ಕೆ ಧನ್ಯವಾದ. ನಾನು ಸೂಚನೆಯ ಸಾಲನ್ನು ಓದಿಯೂ ದಾಟಿ ಹೋಗಿದ್ದೆ. ಒಂದು ಪ್ರಶ್ನೆ: ಹಳೆಯ ಹಾರ್ಡ್ ಡಿಸ್ಕನ್ನು ಡಿವಿಡಿ ಡ್ರೈವಿನ ಜಾಗಕ್ಕೆ ಕ್ಯಾಡಿ ಎಂಬ ಚೌಕಟ್ಟಿನಲ್ಲಿ ಕೂರಿಸಿದರೆ ಕಾಕಾ ಅವರಿಗೆ 1 ಟಿಬಿ ಜಾಗ ಉಳಿಯುತ್ತದೆಯಲ್ಲವೇ? 9.5 ಮಿಲಿಮೀಟರ್ ಮತ್ತು 12.7 ಮಿಲಿಮೀಟರ್ ಎಂಬ ಎರಡು ದಪ್ಪದ ಕ್ಯಾಡಿಗಳು ಸಿಗುತ್ತವೆ.

ಸೂಪರ್ ಮಾರ್ಕೆಟ್ ರಿಪೇರಿಯವ

ತಮ್ಮಾ, ಮನೆಯಲ್ಲಿ ಇಟ್ಟು ಬಳಸುವ ಯಂತ್ರಕ್ಕೆ ಅದು ಸರಿ. ಮಿಲ್ಲಿನಲ್ಲಿ ಬೇಳೆ ಒಡೆಯುವ ಯಂತ್ರದ ನಡುಕ ನೆಲದಿಂದ ಮೇಜಿಗೂ ಬರುತ್ತದೆ. ಶಹಾಬಾದಿ ಪರಸಿಯ ಮೇಲೆ ಇಟ್ಟ ನೀರಿನ ಲೋಟದಲ್ಲಿ ಅಲೆ ಏಳುವುದನ್ನು ನಾನೇ ಕಂಡಿದ್ದೇನೆ. ತಿರುಗುವ ತಟ್ಟೆಯಿಂದ ಕೂದಲೆಳೆಗಿಂತ ಎಷ್ಟೋ ಕಡಿಮೆ ಅಂತರದಲ್ಲಿ ತೇಲುವ ತಲೆಗೆ ಅಂಥ ಜಾಗ ಒಳ್ಳೆಯದಲ್ಲ. ಹಳೆಯ ಡಿಸ್ಕನ್ನು ಯುಎಸ್‌ಬಿ ಕೇಸಿನಲ್ಲಿ ಹಾಕಿ ಮನೆಯ ಕಪಾಟಿನಲ್ಲಿ ಇಟ್ಟು, ವಾರಕ್ಕೊಮ್ಮೆ ಟ್ಯಾಲಿಯ ಬ್ಯಾಕಪ್ ತೆಗೆದಿಡಲು ಬಳಸಲಿ.

ಬೀದರದ ಉಪನ್ಯಾಸಕಿ

ಟ್ಯಾಲಿಯ ಹೆಸರು ಬಂದದ್ದರಿಂದ ಇದನ್ನು ಸೇರಿಸುತ್ತೇನೆ. ಡಿಸ್ಕ್ ಬದಲಿಸುವ ಮುನ್ನ ಟ್ಯಾಲಿಯಲ್ಲೇ ಇರುವ ಆಯ್ಕೆಯಿಂದ ಲೈಸೆನ್ಸನ್ನು ಸರೆಂಡರ್ ಮಾಡಿ, ಹೊಸ ಡಿಸ್ಕಿನಲ್ಲಿ ಮತ್ತೆ ಸಕ್ರಿಯಗೊಳಿಸಿಕೊಳ್ಳಿ. ಹಾಗೆ ಮಾಡದೆ ಫಾರ್ಮ್ಯಾಟ್ ಮಾಡಿಸಿದರೆ, ಜಿಎಸ್‌ಟಿಆರ್-1 ಸಲ್ಲಿಸುವ 11ನೆಯ ತಾರೀಖಿನ ಹಿಂದಿನ ದಿನ ಲೈಸೆನ್ಸಿಗಾಗಿ ಫೋನ್ ಹಿಡಿದು ಕೂರಬೇಕಾದೀತು. ಡೇಟಾ ಫೋಲ್ಡರನ್ನು ಎರಡು ಕಡೆ ನಕಲು ಮಾಡಿಡಿ. ನುಡಿಯಲ್ಲಿ ಬರೆದ ಹಳೆಯ ಪತ್ರಗಳು ಯುನಿಕೋಡ್ ಅಲ್ಲದಿದ್ದರೆ, ನುಡಿಯ ಫಾಂಟುಗಳನ್ನು ಹೊಸ ವಿಂಡೋಸಿನಲ್ಲಿ ಹಾಕುವವರೆಗೆ ಅವು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಗಾಬರಿಯಾಗಿ ಪತ್ರಗಳು ಕೆಟ್ಟವೆಂದು ಅಳಿಸಬೇಡಿ, ನಮ್ಮ ಕಾಲೇಜಿನ ಕಚೇರಿಯಲ್ಲಿ ಒಮ್ಮೆ ಹಾಗೆಯೇ ಅಳಿಸಿಬಿಟ್ಟೆವು.

ರ‍್ಯಾಮಿನ ವಿಷಯ. 2025ರ ಕೊನೆಯ ತಿಂಗಳುಗಳಿಂದ ಮೆಮೊರಿ ಚಿಪ್‌ಗಳ ಬೆಲೆ ಬಹಳ ಏರಿದೆ, ಹೊಸ 8 ಜಿಬಿ ಕೊಂಡರೆ ನಿಮ್ಮ ಎಂಟು ಸಾವಿರದಲ್ಲಿ ದೊಡ್ಡ ಪಾಲು ಅದಕ್ಕೇ ಹೋದೀತು. ನಿಮಗೆ ಒಂದು ಕಿಂಡಿ ಖಾಲಿ ಇರುವುದು ಅದೃಷ್ಟ. ಪರದೆ ಒಡೆದ ಅಥವಾ ನೀರು ಬಿದ್ದು ಕೆಟ್ಟ ಲ್ಯಾಪ್‌ಟಾಪಿನಿಂದ ತೆಗೆದ 4 ಜಿಬಿಯ ಬಳಸಿದ ರ‍್ಯಾಮ್ ಸಿಕ್ಕರೂ ಸಾಕು, ಒಟ್ಟು 8 ಜಿಬಿ ಆಗುತ್ತದೆ. ಲ್ಯಾಪ್‌ಟಾಪಿನ ಡಿಡಿಆರ್4 ಎಂದು ಕೇಳಿ. ಅದರ ಮೇಲೆ 2400, 2666, 3200 ಯಾವುದೇ ವೇಗ ಬರೆದಿದ್ದರೂ ನಿಮ್ಮ ಯಂತ್ರದಲ್ಲಿ 2400ಕ್ಕೆ ಇಳಿದು ನಡೆಯುತ್ತದೆ. ಡಿಡಿಆರ್3 ಮತ್ತು ಡಿಡಿಆರ್5ರ ಕಚ್ಚು ಬೇರೆ ಜಾಗದಲ್ಲಿ ಇರುವುದರಿಂದ ಅವು ಕೂರುವುದೇ ಇಲ್ಲ, ಒತ್ತಿ ಕೂರಿಸಲು ಹೋಗಬಾರದು.

ದಾಲ್ ಮಿಲ್ ಲೆಕ್ಕಿಗ, ಕಲಬುರಗಿ

ಹನ್ನೆರಡು ದಿನಗಳ ಮೇಲೆ ಬರೆಯುತ್ತಿದ್ದೇನೆ. ತಡವಾದದ್ದಕ್ಕೆ ಕ್ಷಮೆಯಿರಲಿ, ತಿಂಗಳ ರಿಟರ್ನ್ ಮುಗಿಯುವವರೆಗೆ ಯಂತ್ರ ಬಿಚ್ಚುವ ಧೈರ್ಯ ಮಾಡಲಿಲ್ಲ.

ಮೊದಲು ಚಾರ್ಜರ್. ನಮ್ಮ ಓಣಿಯಲ್ಲಿ ಬ್ಯಾಂಕಿನಲ್ಲಿ ಕೆಲಸ ಮಾಡುವವರೊಬ್ಬರ ಬಳಿ ಅದೇ ಕಂಪನಿಯ ಅಸಲಿ ಚಾರ್ಜರ್ ಇತ್ತು. ರಾತ್ರಿ ಅವರ ಮನೆಯ ಪಡಸಾಲೆಯಲ್ಲೇ ಕೂತು ಹಚ್ಚಿದೆ. ಆ ಸೂಚನೆ ಬರಲಿಲ್ಲ. ಎರಡು ತಿಂಗಳಿಂದ ಕಾಣದ ಚಾರ್ಜಿಂಗ್ ದೀಪ ಹೊತ್ತಿಕೊಂಡಿತು. ಟಾಸ್ಕ್ ಮ್ಯಾನೇಜರಿನಲ್ಲಿ 0.78 ಇದ್ದ ಅಂಕಿ 2.9ಕ್ಕೆ ಹೋಯಿತು, ಮಗಳು ನನ್ನ ಮುಖ ನೋಡಿದಳು. ಬ್ಯಾಟರಿಗೆಂದು ಎತ್ತಿಟ್ಟ ಹಣ ಅಲ್ಲಿಗೆ ಉಳಿಯಿತು. ಮರುದಿನ ನೋಂದಣಿ ಸಂಖ್ಯೆಯನ್ನು ಆ್ಯಪಿನಲ್ಲಿ ಹಾಕಿ ನೋಡಿಯೇ ಅಸಲಿ ಚಾರ್ಜರ್ ತಂದೆ.

ನಂತರ 2.5 ಇಂಚಿನ 256 ಜಿಬಿ ಸಾಟಾ ಎಸ್‌ಎಸ್‌ಡಿ ಹಾಕಿಸಿದೆ. ಹಿಂಬದಿ ಬಿಚ್ಚಿದಾಗ ನನ್ನ ಎದುರಿಗೇ ಬಿಚ್ಚಿರೆಂದು ಕೇಳಿಕೊಂಡಿದ್ದೆ. ಅಣ್ಣಾವರು ಬರೆದಂತೆಯೇ ಹೊಟ್ಟಿನ ಪಟ್ಟಿ ಕಿತ್ತು ಬಂತು, ಮೂಸಿದರೆ ಮಿಲ್ಲಿನ ವಾಸನೆ. ಎಂ.2 ಕಿಂಡಿ ಇತ್ತು, ಆದರೆ ಅದು ಸಾಟಾ ಬಗೆಯದು ಮಾತ್ರ. ಟ್ಯಾಲಿಯ ಲೈಸೆನ್ಸ್ ಮೊದಲೇ ಸರೆಂಡರ್ ಮಾಡಿದ್ದರಿಂದ ಹೊಸ ಡಿಸ್ಕಿನಲ್ಲಿ ಐದು ನಿಮಿಷಕ್ಕೆ ಕೆಲಸ ಮುಗಿಯಿತು. ವಿಂಡೋಸ್ 11 ಕೂಡ ಹತ್ತಿದೆ. ಟಿಪಿಎಂ ಬಯಾಸ್‌ನಲ್ಲಿ ಆಫ್ ಆಗಿದ್ದದ್ದೇ ನಿಜ. ಯಂತ್ರ ಈಗ ಇಪ್ಪತ್ತೈದು ಸೆಕೆಂಡಿಗೆ ತೆರೆಯುತ್ತದೆ, ಮಧ್ಯಾಹ್ನ ಮೂರರ ಬಿಸಿಲಲ್ಲೂ ಟ್ಯಾಲಿಯಲ್ಲಿ ಅಕ್ಷರ ಬೆರಳಿನ ಜೊತೆಗೇ ಮೂಡುತ್ತದೆ. ರ‍್ಯಾಮ್ ಇನ್ನೂ ಹಾಕಿಸಿಲ್ಲ, ಬಳಸಿದ 4 ಜಿಬಿ ಸಿಕ್ಕರೆ ತಿಳಿಸುವುದಾಗಿ ಒಬ್ಬರು ಹೇಳಿದ್ದಾರೆ. ಕೂಲಿಂಗ್ ಪ್ಯಾಡ್ ಬಿಟ್ಟು ಸ್ಟ್ಯಾಂಡ್ ಮತ್ತು ಹೊದಿಕೆ ಕೊಂಡೆ. ಎಲ್ಲ ಸೇರಿ ಎಂಟು ಸಾವಿರದೊಳಗೇ ಆಯಿತು.

ಎರಡು ಸಂದೇಹ ಉಳಿದಿವೆ. ಬ್ಯಾಟರಿ ಈಗ ಒಂದು ಗಂಟೆ ಇಪ್ಪತ್ತು ನಿಮಿಷ ಬರುತ್ತದೆ, ಇದನ್ನು ಇನ್ನಷ್ಟು ದಿನ ಉಳಿಸಿಕೊಳ್ಳುವುದು ಹೇಗೆ? ಮತ್ತು ಮಿಲ್ಲಿನಲ್ಲಿ ಚಾರ್ಜಿಗೆ ಹಾಕಿ ಬರೆಯುವಾಗ ಮುಚ್ಚಳದ ಲೋಹದ ಅಂಚಿಗೆ ಮಣಿಕಟ್ಟು ತಗುಲಿದರೆ ಜುಮ್ಮೆನ್ನುತ್ತದೆ, ಮನೆಯಲ್ಲಿ ಹಾಗಾಗುವುದಿಲ್ಲ. ಇದಕ್ಕೆ ಏನು ಕಾರಣ?

ಸೂಪರ್ ಮಾರ್ಕೆಟ್ ರಿಪೇರಿಯವ

ಓದಿ ತುಂಬ ಸಂತೋಷವಾಯಿತು, ಅಣ್ಣಾವರೆ.

ಜುಮ್ಮೆನ್ನುವುದು ಅರ್ಥಿಂಗ್ ಇಲ್ಲದ್ದಕ್ಕೆ. ಚಾರ್ಜರಿನೊಳಗಿನ ಫಿಲ್ಟರಿನಿಂದ ಅತಿ ಸಣ್ಣ ಸೋರಿಕೆ ಇದ್ದೇ ಇರುತ್ತದೆ, ಮೂರನೆಯ ಪಿನ್ನಿಗೆ ನೆಲದ ದಾರಿ ಸಿಕ್ಕರೆ ಅದು ಅಲ್ಲಿಗೆ ಹೋಗುತ್ತದೆ, ಸಿಗದಿದ್ದರೆ ನಿಮ್ಮ ಕೈಯ ಮೂಲಕ ಹೋಗುತ್ತದೆ. ಮಿಲ್ಲಿನ ಮೇಜಿನ ಬಳಿ ಮೂರು ಪಿನ್ನನ್ನು ಎರಡು ಮಾಡುವ ಪ್ಲಗ್ ಬಳಸಿದ್ದರೆ ಇವತ್ತೇ ತೆಗೆಯಿರಿ. ಅದಿಲ್ಲದಿದ್ದರೆ ಅರ್ಥಿಂಗ್ ಗುಂಡಿಯನ್ನು ಎಲೆಕ್ಟ್ರಿಷಿಯನ್ ಕರೆಸಿ ಪರೀಕ್ಷಿಸಿ. ಬೇಸಿಗೆಯಲ್ಲಿ ನಮ್ಮ ಎರೆಭೂಮಿ ಬಿರುಕು ಬಿಟ್ಟು ಒಣಗಿದಾಗ ಗುಂಡಿಯ ಇದ್ದಿಲು, ಉಪ್ಪಿನ ಪದರವೂ ಒಣಗಿ ಕೆಲಸ ನಿಲ್ಲಿಸುತ್ತದೆ. ಮಳೆ ಬರುವವರೆಗೆ ವಾರಕ್ಕೆರಡು ಸಲ ಎರಡು ಕೊಡ ನೀರು ಹಾಕಿಸಿ. ಮಿಲ್ಲಿನ ಮೋಟಾರುಗಳ ಬಳಿ ದುಡಿಯುವವರಿಗೂ ಅದು ಬೇಕಾದದ್ದೇ, ಆದ್ದರಿಂದ ಇದನ್ನು ಮಾಲೀಕರ ಗಮನಕ್ಕೆ ತನ್ನಿ.

ಬ್ಯಾಟರಿಗೆ ಹೆಚ್ಚು ಹಾನಿ ಮಾಡುವುದು ಬಿಸಿ ಮತ್ತು ಸದಾ 100 ಪ್ರತಿಶತ ತುಂಬಿರುವುದು, ಎರಡೂ ಒಟ್ಟಿಗೆ ಸೇರಿದರೆ ಇನ್ನೂ ಕೆಟ್ಟದ್ದು. ನಿಮ್ಮ ಯಂತ್ರದ ಬಯಾಸ್‌ನಲ್ಲಿ ಚಾರ್ಜನ್ನು 80ಕ್ಕೆ ನಿಲ್ಲಿಸುವ ಆಯ್ಕೆ ಇದ್ದರೆ ಹಾಕಿಬಿಡಿ. ಮಧ್ಯಾಹ್ನ ಬೈಕಿನ ಡಿಕ್ಕಿಯಲ್ಲಿ ಯಂತ್ರ ಇಟ್ಟು ಬಿಸಿಲಲ್ಲಿ ನಿಲ್ಲಿಸಬೇಡಿ. ಎಂದಾದರೂ ಟಚ್‌ಪ್ಯಾಡ್ ಒತ್ತಲು ಗಟ್ಟಿಯಾದರೆ, ಅಥವಾ ಯಂತ್ರವನ್ನು ಮೇಜಿನ ಮೇಲಿಟ್ಟಾಗ ಸಮನಾಗಿ ಕೂರದೆ ಅಲ್ಲಾಡಿದರೆ, ಬ್ಯಾಟರಿ ಉಬ್ಬಿದೆಯೆಂದು ತಿಳಿದು ಆ ಕ್ಷಣವೇ ಚಾರ್ಜ್ ನಿಲ್ಲಿಸಿ ಬಿಚ್ಚಿಸಿ. ಚುಚ್ಚಬಾರದು, ಕಸಕ್ಕೆ ಎಸೆಯಬಾರದು.

ಹಾಂ, ಯುಗಾದಿಗೆ ತಂದ ಆ ಚಾರ್ಜರನ್ನು ಕಪಾಟಿನಲ್ಲಿ ಇಡಬೇಡಿ, ಯಾರಿಗೂ ಕೊಡಲೂಬೇಡಿ. ಗೋಡೆಯಿಂದ ಕಿತ್ತ ಮೇಲೆ ಅದರ ವೈರನ್ನು ಕತ್ತರಿಸಿ, ಮುಂದಿನ ಸಲ ಈ ಕಡೆ ಬಂದಾಗ ನನ್ನ ಕಡೆಗೆ ತನ್ನಿ. ಇ-ತ್ಯಾಜ್ಯದ ಚೀಲಕ್ಕೆ ಹಾಕುತ್ತೇನೆ, ಬಳಸಿದ 4 ಜಿಬಿ ರ‍್ಯಾಮ್ ಅಷ್ಟರಲ್ಲಿ ಬಂದಿದ್ದರೆ ನಿಮಗಾಗಿ ತೆಗೆದಿಟ್ಟಿರುತ್ತೇನೆ.